ಕಿಡಿಯ ಕುಶಲಿ ರಾಬರ್ಟ್ ಬಾಷ್

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಸಾಗುವ ಹೆದ್ದಾರಿಯ ಅಂಚಿನಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಎಲೆಕ್ಟ್ರಾನಿಕ್ ಸಿಟಿಯತ್ತ ಹರಿಯುವ ವಾಹನಗಳ ಪ್ರವಾಹವೇ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಪೆಟ್ರೋಲಿನಿಂದ ಓಡುವ ಪ್ರತಿಯೊಂದು ವಾಹನದ ಎಂಜಿನ್ನಿನೊಳಗೂ, ನಮ್ಮ ಕಣ್ಣಿಗೆ ಕಾಣದಂತೆ, ಕಿಡಿಗಳು ಎಡೆಬಿಡದೆ ಹಾರುತ್ತಿರುತ್ತವೆ. ನಾಲ್ಕು ಸಿಲಿಂಡರುಗಳುಳ್ಳ ಸಾಮಾನ್ಯ ಎಂಜಿನ್ನೊಂದು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದಕ್ಕೆ ಸೆಕೆಂಡಿಗೆ 100 ಕಿಡಿಗಳು ಬೇಕು. ಅವುಗಳಲ್ಲಿ ಪ್ರತಿಯೊಂದೂ ತಕ್ಕ ಕ್ಷಣದಲ್ಲಿಯೇ ಹುಟ್ಟಬೇಕು. ಒಂದು ಕಿಡಿ ತಪ್ಪಿದರೆ ಎಂಜಿನ್ ಮುಗ್ಗರಿಸುತ್ತದೆ. ಕಿಡಿಯೇ ಹುಟ್ಟದಿದ್ದರೆ ಟ್ಯಾಂಕಿನ ತುಂಬ ಪೆಟ್ರೋಲಿದ್ದರೂ ವಾಹನ ಇದ್ದಲ್ಲಿಂದ ಕದಲದು.

ಹಳೆಯ ಮೋಟಾರು ಕಾರುಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ನಮ್ಮಲ್ಲಿ ಇದ್ದಾರೆ. ಕಾರಿನೊಡನೆ ಕಾರ್ಖಾನೆಯಿಂದ ಬಂದ ಹಳೆಯ ಕಿಡಿ ವ್ಯವಸ್ಥೆಯನ್ನು ತೆಗೆದು, ಹೊಸದಾಗಿ ಮಾರಾಟಕ್ಕೆ ಬಂದ ಸುಧಾರಿತ ವ್ಯವಸ್ಥೆಯನ್ನು ಅಳವಡಿಸಿದರೆ ಪ್ರಯೋಜನವುಂಟೆ ಎಂಬ ಪ್ರಶ್ನೆ ಅವರನ್ನು ಆಗಾಗ ಕಾಡುತ್ತದೆ. ಈ ಪ್ರಶ್ನೆ ಹೊಸದಲ್ಲ. 1897ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಒಂದು ಚಿಕ್ಕ ಕಾರ್ಯಾಗಾರದ ಬಾಗಿಲಿಗೆ ಇದೇ ಪ್ರಶ್ನೆ ಮೂರು ಚಕ್ರದ ವಾಹನವೊಂದರ ರೂಪದಲ್ಲಿ ಬಂದು ನಿಂತಿತು. ಅದಕ್ಕೆ ಉತ್ತರ ಹುಡುಕಿದ ಕಾರ್ಯಾಗಾರದ ಒಡೆಯರೇ ರಾಬರ್ಟ್ ಬಾಷ್. ಮುಂದೆ ಬೆಂಗಳೂರಿನ ಕೈಗಾರಿಕೆಯ ಚರಿತ್ರೆಯಲ್ಲಿಯೂ ಅವರ ಹೆಸರು ಬೆರೆತುಹೋಯಿತು.

ರಾಬರ್ಟ್ ಬಾಷ್ ಅವರು 1861ರ ಸೆಪ್ಟೆಂಬರ್ 23ರಂದು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಸಮೀಪದಲ್ಲಿರುವ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಸರ್ವೇಷಿಯಸ್ ಬಾಷ್ ಅವರು ಬೇಸಾಯಗಾರರು. ಜೊತೆಗೆ ದಾರಿಹೋಕರಿಗಾಗಿ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಹನ್ನೆರಡು ಮಕ್ಕಳ ದೊಡ್ಡ ಸಂಸಾರದಲ್ಲಿ ರಾಬರ್ಟ್ ಹನ್ನೊಂದನೆಯವರು. ತಂದೆ ಓದುಬರಹ ಬಲ್ಲವರು, ಸ್ವತಂತ್ರ ಮನೋಭಾವದವರು. ಮಕ್ಕಳಿಗೆ ಒಳ್ಳೆಯ ಶಿಕ್ಷಣ ದೊರೆಯಬೇಕೆಂಬ ಹಂಬಲ ಅವರಿಗಿತ್ತು. ಆದುದರಿಂದ ರಾಬರ್ಟರಿಗೆ ಉಲ್ಮ್ ನಗರದ ಶಾಲೆಯಲ್ಲಿ ಓದುವ ಅವಕಾಶ ಲಭಿಸಿತು. ಆದರೆ ಆ ಬಾಲಕನ ಮನಸ್ಸು ಪಾಠಗಳಲ್ಲಿ ಅಷ್ಟಾಗಿ ನಿಲ್ಲಲಿಲ್ಲ. ಗಿಡಮರಗಳು, ಪ್ರಾಣಿಪಕ್ಷಿಗಳು, ಕೈಯಿಂದ ಮಾಡುವ ಕೆಲಸ, ಇವುಗಳಲ್ಲಿಯೇ ಅವರಿಗೆ ಹೆಚ್ಚಿನ ಆಸಕ್ತಿ.

1876ರಲ್ಲಿ ಶಾಲೆಯನ್ನು ಮುಗಿಸಿದ ರಾಬರ್ಟ್, ಸೂಕ್ಷ್ಮ ಯಂತ್ರೋಪಕರಣಗಳನ್ನು ತಯಾರಿಸುವ ಕಸುಬಿನಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡರು. ಅಲ್ಲಿಯ ಒಡೆಯರು ಕಲಿಸುವ ವಿಷಯದಲ್ಲಿ ಉದಾಸೀನರಾಗಿದ್ದರು. ಸರಿಯಾಗಿ ಕಲಿಸುವವರಿಲ್ಲದೆ ಕಳೆದುಹೋದ ಆ ದಿನಗಳ ಬೇಸರವನ್ನು ಬಾಷ್ ಕೊನೆಯವರೆಗೂ ಮರೆಯಲಿಲ್ಲ. ಮುಂದೆ ತಮ್ಮದೇ ಕಾರ್ಖಾನೆ ಬೆಳೆದಾಗ, 1913ರಲ್ಲಿ, ಕಲಿಯುವ ಹುಡುಗರಿಗಾಗಿಯೇ ಒಂದು ಪ್ರತ್ಯೇಕ ತರಬೇತಿ ವಿಭಾಗವನ್ನು ಅವರು ತೆರೆದರು. ತಮಗೆ ದೊರೆಯದೆ ಹೋದುದು ಇತರರಿಗೆ ದೊರೆಯಲಿ ಎಂಬುದೇ ಅವರ ಆಶಯವಾಗಿತ್ತು.

ಶಿಷ್ಯವೃತ್ತಿ ಮುಗಿದ ಬಳಿಕ ಬಾಷ್ ಊರೂರು ಅಲೆದು ಕೆಲಸ ಕಲಿತರು. ಜರ್ಮನಿಯ ಹಲವು ಕಾರ್ಯಾಗಾರಗಳಲ್ಲಿ ದುಡಿದ ನಂತರ 1884ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ನ್ಯೂಯಾರ್ಕಿನಲ್ಲಿ, ವಿದ್ಯುದ್ದೀಪದಿಂದ ಜಗತ್ಪ್ರಸಿದ್ಧರಾಗಿದ್ದ ಥಾಮಸ್ ಎಡಿಸನ್ ಅವರ ಸಂಸ್ಥೆಯಲ್ಲಿ ಕೆಲಕಾಲ ಕೆಲಸ ಮಾಡಿದರು. ವಿದ್ಯುತ್ತು ಮಾನವನ ಬದುಕನ್ನೇ ಮಾರ್ಪಡಿಸಲಿದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡರು. ಕೆಲಸ ಕಳೆದುಕೊಂಡ ಕಾರ್ಮಿಕನ ಸಂಕಟವೇನೆಂಬುದನ್ನೂ ಅಲ್ಲಿಯೇ ಸ್ವಂತ ಅನುಭವದಿಂದ ತಿಳಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಸಹೋದರರ ಕಾರ್ಖಾನೆಯಲ್ಲಿ ಕೆಲವು ಕಾಲ ಇದ್ದು, ಬಳಿಕ ತಾಯ್ನಾಡಿಗೆ ಹಿಂದಿರುಗಿದರು.

1886ರ ನವೆಂಬರ್ 15ರಂದು, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬಾಷ್ ಅವರು ಸ್ಟುಟ್‌ಗಾರ್ಟಿನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದರು. ಬಂಡವಾಳ 10,000 ಮಾರ್ಕ್. ಸಹಾಯಕ್ಕೆ ಒಬ್ಬ ಕುಶಲ ಕೆಲಸಗಾರ ಮತ್ತು ಓಡಾಟದ ಕೆಲಸಕ್ಕೆ ಒಬ್ಬ ಹುಡುಗ. ಇಷ್ಟೇ ಆ ಸಂಸ್ಥೆಯ ಸಂಪತ್ತು. ಟೆಲಿಫೋನುಗಳನ್ನು ಜೋಡಿಸುವುದು, ವಿದ್ಯುತ್ ಗಂಟೆಗಳನ್ನು ಅಳವಡಿಸುವುದು, ಕೆಟ್ಟ ಉಪಕರಣಗಳನ್ನು ಸರಿಪಡಿಸುವುದು ಮೊದಲಾದ ಚಿಲ್ಲರೆ ಕೆಲಸಗಳಿಂದ ಜೀವನ ಸಾಗಬೇಕಾಗಿತ್ತು. ಗಿರಾಕಿಗಳ ಮನೆಗಳಿಗೆ ಹೋಗಿಬರಲು ಅವರು 1890ರಲ್ಲಿ ಒಂದು ಬೈಸಿಕಲ್ಲನ್ನು ಕೊಂಡರು. ಆ ದಿನಗಳಲ್ಲಿ ಬೈಸಿಕಲ್ಲು ಊರವರು ನಿಂತು ನೋಡುವಂಥ ನೂತನ ವಸ್ತುವಾಗಿತ್ತು. ಕೆಲಸ ಸಿಕ್ಕಾಗ ಸಂತೋಷ, ಸಿಗದಾಗ ಸಾಲ. ಹೀಗೆ ಹಲವು ವರ್ಷಗಳು ಕಷ್ಟದಲ್ಲಿಯೇ ಕಳೆದವು.

ಕಾರ್ಯಾಗಾರ ತೆರೆದ ಮರುವರ್ಷವೇ ಅವರ ಭಾಗ್ಯದ ಬೀಜ ಸದ್ದಿಲ್ಲದೆ ಮೊಳೆತಿತ್ತು. ಯಂತ್ರ ನಿರ್ಮಾಪಕರೊಬ್ಬರು ಬಂದು, ನಿಂತಲ್ಲೇ ಓಡುವ ತಮ್ಮ ಎಂಜಿನ್ನಿಗೆ ಕಿಡಿ ಕೊಡುವ ಸಾಧನವೊಂದನ್ನು ಮಾಡಿಕೊಡಬೇಕೆಂದು ಕೇಳಿದರು. ಅಂಥ ಸಾಧನವೊಂದು ಡಾಯ್ಟ್ಸ್ ಎಂಬ ಎಂಜಿನ್ ಸಂಸ್ಥೆಯ ಯಂತ್ರದಲ್ಲಿತ್ತು. ಬಾಷ್ ಅವರು ಅದನ್ನು ಕಣ್ಣಾರೆ ನೋಡಿ ಬಂದರು. ಅದಕ್ಕೆ ಪೇಟೆಂಟ್ ಇಲ್ಲವೆಂಬುದನ್ನು ವಿಚಾರಿಸಿ ತಿಳಿದ ಮೇಲೆಯೇ ಕೆಲಸಕ್ಕೆ ಕೈ ಹಾಕಿದರು. ಕಂಡದ್ದನ್ನು ಕಂಡಂತೆ ನಕಲು ಮಾಡದೆ, ಅದರ ಕೊರತೆಗಳನ್ನು ತಿದ್ದಿ ಹೆಚ್ಚು ಗಟ್ಟಿಮುಟ್ಟಾದ ಸಾಧನವನ್ನು ನಿರ್ಮಿಸಿದರು. ಅದೇ ಮ್ಯಾಗ್ನೆಟೊ.

ಮ್ಯಾಗ್ನೆಟೊ ಕೆಲಸ ಮಾಡುವ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಅಯಸ್ಕಾಂತದ ಎರಡು ಧ್ರುವಗಳ ನಡುವೆ ತಂತಿಯ ಸುರುಳಿಯನ್ನು ಚಲಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಅವರು ತೋರಿಸಿಕೊಟ್ಟ ತತ್ತ್ವವಿದು. ಎಂಜಿನ್ ತನ್ನ ಚಲನೆಯಿಂದಲೇ ಈ ಸುರುಳಿಯನ್ನು ಆಡಿಸುತ್ತದೆ. ಹುಟ್ಟಿದ ವಿದ್ಯುತ್ತು ಸಿಲಿಂಡರಿನೊಳಗೆ ಹರಿಯುವಾಗ ಅಲ್ಲಿರುವ ಎರಡು ಲೋಹದ ತುದಿಗಳು ಥಟ್ಟನೆ ಬೇರ್ಪಡುತ್ತವೆ. ಆಗ ಕಿಡಿ ಹಾರಿ ಇಂಧನ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ಹಂಗು ಇದಕ್ಕಿಲ್ಲ. ಎಂಜಿನ್ ತಿರುಗುತ್ತಿರುವ ತನಕ ಕಿಡಿಯೂ ಹುಟ್ಟುತ್ತಿರುತ್ತದೆ.

ಅದೇ ಕಾಲದಲ್ಲಿ ಮೋಟಾರು ವಾಹನಗಳು ರಸ್ತೆಗಿಳಿಯತೊಡಗಿದ್ದವು. ಆದರೆ ಅವುಗಳ ಕಿಡಿ ವ್ಯವಸ್ಥೆ ನೆಚ್ಚುವಂತಿರಲಿಲ್ಲ. ಕೆಲವರು ಬ್ಯಾಟರಿಯನ್ನು ಬಳಸುತ್ತಿದ್ದರು. ಅದು ದಾರಿಯ ನಡುವೆಯೇ ಬರಿದಾದರೆ ವಾಹನವನ್ನು ತಳ್ಳಿಕೊಂಡು ಮನೆ ಸೇರಬೇಕಾಗಿತ್ತು. ಗಾಟ್ಲೀಬ್ ಡೈಮ್ಲರ್ ಅವರ ಎಂಜಿನ್ನುಗಳಲ್ಲಿ ಒಂದು ಪುಟ್ಟ ಕೊಳವೆಯನ್ನು ಜ್ವಾಲೆಯಿಂದ ಸದಾ ಕೆಂಪಗೆ ಕಾಯಿಸಿ, ಅದರ ಬಿಸಿಯಿಂದ ಇಂಧನವನ್ನು ಹೊತ್ತಿಸುತ್ತಿದ್ದರು. ಪೆಟ್ರೋಲಿನ ಪಕ್ಕದಲ್ಲಿಯೇ ಬೆಂಕಿಯನ್ನು ಇಟ್ಟುಕೊಂಡು ಪ್ರಯಾಣ ಮಾಡುವುದು ಎಷ್ಟು ಅಪಾಯಕರವೆಂಬುದನ್ನು ಊಹಿಸಿಕೊಳ್ಳಬಹುದು.

ಇಂಥ ಸನ್ನಿವೇಶದಲ್ಲಿ, 1897ರಲ್ಲಿ, ಇಂಗ್ಲೆಂಡಿನಲ್ಲಿ ಮೋಟಾರು ಉದ್ಯಮವನ್ನು ಕಟ್ಟುತ್ತಿದ್ದ ಫ್ರೆಡರಿಕ್ ಸಿಮ್ಸ್ ಎಂಬುವರು ದಿ ದಿಯೋಂ ಬೂತೋಂ ಎಂಬ ಫ್ರೆಂಚ್ ಸಂಸ್ಥೆ ತಯಾರಿಸಿದ ಮೂರು ಚಕ್ರದ ವಾಹನವೊಂದನ್ನು ಬಾಷ್ ಅವರಿಗೆ ಒಪ್ಪಿಸಿದರು. ಅದರ ಎಂಜಿನ್ನಿಗೆ ಮ್ಯಾಗ್ನೆಟೊವನ್ನು ಅಳವಡಿಸಬೇಕೆಂಬುದು ಅವರ ಕೋರಿಕೆ. ಕೇಳಲು ಸರಳವಾದ ಈ ಕೆಲಸದಲ್ಲಿ ದೊಡ್ಡದೊಂದು ತೊಡಕಿತ್ತು. ಬಾಷ್ ಅವರ ಮ್ಯಾಗ್ನೆಟೊ ನಿಧಾನವಾಗಿ ಓಡುವ ಭಾರಿ ಎಂಜಿನ್ನುಗಳಿಗಾಗಿ ಹುಟ್ಟಿದ್ದು. ಈ ಪುಟ್ಟ ವಾಹನದ ಎಂಜಿನ್ನಾದರೋ ನಿಮಿಷಕ್ಕೆ ಸುಮಾರು 1800 ಸುತ್ತುಗಳ ವೇಗದಲ್ಲಿ ತಿರುಗುತ್ತಿತ್ತು. ಅಷ್ಟು ವೇಗಕ್ಕೆ ಸರಿಯಾಗಿ ಮ್ಯಾಗ್ನೆಟೊದ ಭಾರವಾದ ಸುರುಳಿಯನ್ನು ಅತ್ತಿತ್ತ ಆಡಿಸುವುದು ಅಸಾಧ್ಯವಾಗಿತ್ತು.

ಹಿಂದೆ ಸರಿದಿದ್ದರೆ ಯಾರೂ ಅವರನ್ನು ತೆಗಳುತ್ತಿರಲಿಲ್ಲ. ಆದರೆ ಬಾಷ್ ಹಿಂದೆ ಸರಿಯಲಿಲ್ಲ. ಅವರ ಕಾರ್ಯಾಗಾರದ ಮುಖ್ಯಸ್ಥರಾಗಿದ್ದ ಆರ್ನಾಲ್ಡ್ ತ್ಸೇರಿಂಗರ್ ಅವರಿಗೆ ಜಾಣತನದ ಉಪಾಯವೊಂದು ಹೊಳೆಯಿತು. ಭಾರವಾದ ಸುರುಳಿಯನ್ನು ಆಡಿಸುವುದೇಕೆ? ಅದನ್ನು ಸ್ಥಿರವಾಗಿರಿಸಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಲೋಹದ ತೋಳೊಂದನ್ನು ಆಡಿಸಿದರೆ ಸಾಲದೆ? ಹೀಗೆ ಮಾಡಿದಾಗ ಅಯಸ್ಕಾಂತದ ಪ್ರಭಾವ ಸುರುಳಿಯ ಮೇಲೆ ಬೀಳುವುದು, ತಪ್ಪುವುದು ಬಹು ಬೇಗಬೇಗನೆ ನಡೆಯಿತು; ವೇಗದ ಎಂಜಿನ್ನಿಗೂ ಬೇಕಾದ ಕಿಡಿಗಳು ದೊರೆತವು. ಮ್ಯಾಗ್ನೆಟೊ ಹೀಗೆ ಮೊಟ್ಟಮೊದಲು ಮೋಟಾರು ವಾಹನವನ್ನೇರಿತು. ಈಗಾಗಲೇ ಓಡುತ್ತಿದ್ದ ಎಂಜಿನ್ನೊಂದರ ಕಿಡಿ ವ್ಯವಸ್ಥೆಯನ್ನು ಹೊರಗಿನ ಕಸುಬುದಾರರೊಬ್ಬರು ಬದಲಿಸಿ ಯಶಸ್ವಿಯಾದ ಪ್ರಸಂಗವಿದು. ಎಂಜಿನ್ನಿನ ನಿಜವಾದ ಕೊರತೆ ಎಲ್ಲಿದೆ ಎಂಬುದನ್ನು ಮೊದಲು ಅರಿತು, ಆ ಕೊರತೆಗೇ ಮದ್ದು ಹುಡುಕಿದ್ದರಿಂದ ಆ ಬದಲಾವಣೆ ಸಾರ್ಥಕವಾಯಿತು.

ಡೈಮ್ಲರ್ ಸಂಸ್ಥೆಯೂ ಬಾಷ್ ಅವರ ಮ್ಯಾಗ್ನೆಟೊವನ್ನು ಒಪ್ಪಿಕೊಂಡಿತು. 1900ರ ಜುಲೈ 2ರಂದು ಕೌಂಟ್ ಜೆಪೆಲಿನ್ ಅವರ ಮೊದಲನೆಯ ವಾಯುನೌಕೆ ಆಕಾಶಕ್ಕೇರಿದಾಗ ಅದರ ಡೈಮ್ಲರ್ ಎಂಜಿನ್ನುಗಳಲ್ಲಿ ಮ್ಯಾಗ್ನೆಟೊಗಳೇ ಕಿಡಿಯನ್ನು ಒದಗಿಸಿದವು. ಸುಲಭವಾಗಿ ಹೊತ್ತಿಕೊಳ್ಳುವ ಜಲಜನಕ ತುಂಬಿದ ಆ ನೌಕೆಯಲ್ಲಿ ಉರಿಯುವ ಜ್ವಾಲೆಗೆ ಸ್ಥಳವಿರುವಂತಿರಲಿಲ್ಲ.

ಆದರೂ ಬಾಷ್ ಅವರಿಗೆ ತೃಪ್ತಿಯಾಗಲಿಲ್ಲ. ಸಿಲಿಂಡರಿನೊಳಗೆ ಲೋಹದ ತುದಿಗಳನ್ನು ಬೇರ್ಪಡಿಸುವ ಕಡ್ಡಿ, ಸನ್ನೆಗಳ ಜೋಡಣೆ ಬಹು ತೊಡಕಿನದಾಗಿತ್ತು, ಬೇಗ ಸವೆಯುತ್ತಿತ್ತು. ಪ್ರತಿಯೊಂದು ಎಂಜಿನ್ನಿಗೂ ಅದನ್ನು ಬೇರೆಬೇರೆಯಾಗಿ ಹೊಂದಿಸಬೇಕಾಗಿತ್ತು. ಇದಕ್ಕೊಂದು ಪರಿಹಾರವನ್ನು ಕಂಡುಹಿಡಿಯುವ ಹೊಣೆಯನ್ನು ಅವರು ಗಾಟ್‌ಲೋಬ್ ಹೊನೋಲ್ಡ್ ಎಂಬ ತರುಣ ಎಂಜಿನಿಯರರಿಗೆ ವಹಿಸಿದರು. ಹೊನೋಲ್ಡ್ ಹಿಂದೊಮ್ಮೆ ಬಾಷ್ ಅವರ ಕಾರ್ಯಾಗಾರದಲ್ಲಿಯೇ ಕೆಲಸ ಕಲಿತ ಹುಡುಗ. ಬಳಿಕ ಉನ್ನತ ವ್ಯಾಸಂಗ ಮಾಡಿ ಗುರುವಿನ ಬಳಿಗೇ ಮರಳಿದ್ದರು. ಅವರು ಸುರುಳಿಯಲ್ಲಿ ಎರಡು ಬಗೆಯ ತಂತಿಗಳನ್ನು ಸುತ್ತಿ, ವಿದ್ಯುತ್ತಿನ ಒತ್ತಡವನ್ನು ಬಹಳ ಹೆಚ್ಚಿಸಿದರು. ಒತ್ತಡ ಅಷ್ಟು ಏರಿದಾಗ, ಅಲುಗಾಡದೆ ನಿಂತ ಎರಡು ತುದಿಗಳ ನಡುವಣ ಕಿರಿದಾದ ಅಂತರವನ್ನು ಕಿಡಿ ತಾನೇ ಹಾರಿ ದಾಟಿತು. ಆ ಎರಡು ತುದಿಗಳನ್ನು ಹಿಡಿದಿಡುವ, ಬಿಸಿಯನ್ನೂ ಒತ್ತಡವನ್ನೂ ತಡೆದುಕೊಳ್ಳಬಲ್ಲ ಪುಟ್ಟ ಸಾಧನವೇ ಸ್ಪಾರ್ಕ್ ಪ್ಲಗ್. ಸ್ಪಾರ್ಕ್ ಪ್ಲಗ್ಗಿನ ಕಲ್ಪನೆ ಅದಕ್ಕೂ ಹಿಂದಿನಿಂದ ಇದ್ದರೂ, ಅದನ್ನು ನೆಚ್ಚಿಕೊಳ್ಳಬಹುದಾದ ವಸ್ತುವನ್ನಾಗಿ ಮಾಡಿದ ಕೀರ್ತಿ ಹೊನೋಲ್ಡ್ ಅವರಿಗೆ ಸಲ್ಲಬೇಕು. 1902ರಲ್ಲಿ ಈ ಹೊಸ ವ್ಯವಸ್ಥೆ ಮಾರುಕಟ್ಟೆಗೆ ಬಂದಿತು. ತಮ್ಮ ಶಿಷ್ಯನ ಸಾಧನೆಯನ್ನು ಬಾಷ್ ಮುಕ್ತಕಂಠದಿಂದ ಮೆಚ್ಚಿದರು. ತಮಗಿಂತ ಜಾಣರಾದವರನ್ನು ಗುರುತಿಸಿ ಅವರಿಗೆ ಅವಕಾಶ ಕೊಡುವುದು ಅವರ ಬಹು ದೊಡ್ಡ ಗುಣ.

ಅಲ್ಲಿಂದ ಮುಂದೆ ಅವರ ಉದ್ಯಮ ಬೆಳೆದ ಪರಿ ಅಚ್ಚರಿಯನ್ನುಂಟುಮಾಡುತ್ತದೆ. 1901ರಲ್ಲಿ ಹೊಸ ಕಾರ್ಖಾನೆಯನ್ನು ಪ್ರವೇಶಿಸಿದಾಗ ಅಲ್ಲಿದ್ದ ಕೆಲಸಗಾರರು 45 ಮಂದಿ ಮಾತ್ರ. 1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೊ ಹೊರಬಂದಿತು. 1912ರಲ್ಲಿ ಆ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು. ಸಂಪತ್ತು ಬಂದಾಗಲೂ ಬಾಷ್ ತಾವು ಕಾರ್ಮಿಕರಾಗಿದ್ದ ದಿನಗಳನ್ನು ಮರೆಯಲಿಲ್ಲ. ಹತ್ತು ಗಂಟೆಗಳಿಗೂ ಮೀರಿ ದುಡಿಸುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ, 1906ರಲ್ಲಿಯೇ, ತಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಅವರು ಜಾರಿಗೆ ತಂದರು. 1910ರಲ್ಲಿ ಶನಿವಾರದ ಮಧ್ಯಾಹ್ನದ ಬಿಡುವನ್ನೂ ನೀಡಿದರು. ಅದೇ ವರ್ಷ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕುಗಳನ್ನು ದಾನವಾಗಿ ಕೊಟ್ಟರು. ಒಳ್ಳೆಯ ಬೆಳಕು, ಶುದ್ಧವಾದ ಗಾಳಿ, ತಕ್ಕ ಕೂಲಿ ಇವು ಕಾರ್ಮಿಕನಿಗೆ ದೊರೆತರೆ ಕೆಲಸವೂ ಉತ್ತಮವಾಗುತ್ತದೆಂಬುದು ಅವರ ನಂಬಿಕೆಯಾಗಿತ್ತು. ಹಾಗೆಂದು ಪೋಲು ಮಾಡುವುದನ್ನು ಅವರು ಸಹಿಸುತ್ತಿರಲಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ, ನೆಲದ ಮೇಲೆ ಸಣ್ಣ ವಸ್ತುವೊಂದು ಬಿದ್ದಿದ್ದರೆ ಅವರ ಕಣ್ಣು ತಪ್ಪುತ್ತಿರಲಿಲ್ಲ.

ಅವರ ಬಾಳು ಕೇವಲ ಗೆಲುವಿನ ಸರಮಾಲೆಯಾಗಿರಲಿಲ್ಲ. 1913ರ ಕಾರ್ಮಿಕ ಮುಷ್ಕರ ಅವರ ಮನಸ್ಸಿಗೆ ನೋವುಂಟುಮಾಡಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಹೊರದೇಶಗಳಲ್ಲಿದ್ದ ಅವರ ಸಂಸ್ಥೆಗಳು ಕೈತಪ್ಪಿದವು. ಯುದ್ಧದಿಂದ ಬಂದ ಲಾಭ ತಮಗೆ ಸಲ್ಲದೆಂದು ಭಾವಿಸಿ, ಅದರ ಬಹುಭಾಗವನ್ನು ಸಾರ್ವಜನಿಕ ಕಾರ್ಯಗಳಿಗೆ ವಿನಿಯೋಗಿಸಿದರು. 1921ರಲ್ಲಿ ಒಬ್ಬನೇ ಮಗ ಬಹುಕಾಲದ ಕಾಯಿಲೆಯಿಂದ ತೀರಿಕೊಂಡಾಗ ಬಾಷ್ ತುಂಬ ಕುಗ್ಗಿದರು.

ಈ ನೋವುಗಳ ಬೆನ್ನಲ್ಲಿಯೇ ಇನ್ನೊಂದು ಪರೀಕ್ಷೆ ಬಂದೊದಗಿತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರರು ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟುಗಳಿಂದ ಕೂಡಿದ ಕಿಡಿ ವ್ಯವಸ್ಥೆಯನ್ನು ರೂಪಿಸಿದ್ದರು. 1910ರ ವೇಳೆಗೆ ಅದು ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಳಕೆಗೆ ಬಂದಿತ್ತು. ಕಾರುಗಳಿಗೆ ವಿದ್ಯುದ್ದೀಪ, ವಿದ್ಯುತ್ ಸ್ಟಾರ್ಟರುಗಳು ಬಂದ ಮೇಲೆ ಬ್ಯಾಟರಿ ಹೇಗೂ ಇರಲೇಬೇಕಾಯಿತು. ಬ್ಯಾಟರಿ ಇರುವಾಗ ಬೆಲೆಬಾಳುವ ಮ್ಯಾಗ್ನೆಟೊ ಯಾರಿಗೆ ಬೇಕು? ಅಗ್ಗವಾದ ಹೊಸ ವ್ಯವಸ್ಥೆ ಯೂರೋಪಿಗೂ ಹರಡಿತು. ಯಾವ ವಸ್ತು ಬಾಷ್ ಅವರಿಗೆ ಹೆಸರನ್ನೂ ಐಶ್ವರ್ಯವನ್ನೂ ತಂದಿತ್ತೋ ಅದೇ ಹಳೆಯದಾಗತೊಡಗಿತು. 1925–26ರಲ್ಲಿ ಅವರ ಸಂಸ್ಥೆ ತೀವ್ರವಾದ ಬಿಕ್ಕಟ್ಟಿಗೆ ಸಿಲುಕಿತು. ಅನೇಕ ಕಾರ್ಮಿಕರನ್ನು ಕೆಲಸದಿಂದ ಬಿಡಬೇಕಾಯಿತು.

ಹಳೆಯದರ ಮೇಲಿನ ಮೋಹದಿಂದ ಮ್ಯಾಗ್ನೆಟೊವನ್ನೇ ಅಪ್ಪಿಕೊಂಡು ಕುಳಿತಿದ್ದರೆ ಆ ಸಂಸ್ಥೆ ಅಂದೇ ಅಳಿದುಹೋಗುತ್ತಿತ್ತು. ಬಾಷ್ ಹಾಗೆ ಮಾಡಲಿಲ್ಲ. ತಾವೂ ಬ್ಯಾಟರಿಯ ಕಿಡಿ ವ್ಯವಸ್ಥೆಯನ್ನು ತಯಾರಿಸತೊಡಗಿದರು. 1927ರಲ್ಲಿ ಡೀಸೆಲ್ ಎಂಜಿನ್ನುಗಳಿಗೆ ಇಂಧನವನ್ನು ಚಿಮ್ಮಿಸುವ ಪಂಪುಗಳ ತಯಾರಿಕೆಯನ್ನು ಆರಂಭಿಸಿದರು. ವಿದ್ಯುತ್ತಿನ ಕೈಯುಪಕರಣಗಳು, ಶೀತಕಪೆಟ್ಟಿಗೆಗಳು ಮೊದಲಾದ ಬೇರೆ ವಸ್ತುಗಳ ಕಡೆಗೂ ಗಮನ ಹರಿಸಿದರು. ಆದರೆ ಮ್ಯಾಗ್ನೆಟೊ ಪೂರ್ತಿಯಾಗಿ ಮರೆಯಾಗಲಿಲ್ಲ. ಬ್ಯಾಟರಿಯನ್ನು ನೆಚ್ಚಲಾಗದ ಕಡೆ ಅದರ ಬೆಲೆ ಉಳಿದೇ ಇತ್ತು. ಪಿಸ್ಟನ್ ಎಂಜಿನ್ನಿನ ಅನೇಕ ಸಣ್ಣ ವಿಮಾನಗಳಲ್ಲಿ ಇಂದಿಗೂ ಮ್ಯಾಗ್ನೆಟೊಗಳೇ ಕಿಡಿಯನ್ನು ಕೊಡುತ್ತವೆ.

1933ರಲ್ಲಿ ಹಿಟ್ಲರನ ಆಡಳಿತ ಬಂದಿತು. ಬಾಷ್ ಅವರು ಅದನ್ನು ಅಂತರಂಗದಲ್ಲಿ ಒಪ್ಪಲಿಲ್ಲ. ಅವರೂ ಅವರ ಆಪ್ತ ಸಹೋದ್ಯೋಗಿಗಳೂ ಕಿರುಕುಳಕ್ಕೆ ಒಳಗಾದ ಯೆಹೂದಿಗಳಿಗೆ ಗುಟ್ಟಾಗಿ ನೆರವು ನೀಡಿದರು. ಆಡಳಿತವನ್ನು ವಿರೋಧಿಸುತ್ತಿದ್ದ ಕಾರ್ಲ್ ಗೋರ್ಡೆಲರ್ ಅವರಿಗೆ ಸಂಸ್ಥೆಯಲ್ಲಿ ಆಶ್ರಯ ದೊರೆಯಿತು. ಆದರೆ ಅದೇ ಸಂಸ್ಥೆಯ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನು ತಯಾರಿಸಿದವು. ಬಲಾತ್ಕಾರದಿಂದ ಕರೆತಂದ ಕಾರ್ಮಿಕರು ಅಲ್ಲಿ ದುಡಿಯಬೇಕಾಯಿತು. ಈ ಕಹಿ ಸತ್ಯವನ್ನು ಮರೆಮಾಡಿ ಬಾಷ್ ಅವರ ಚರಿತ್ರೆಯನ್ನು ಹೇಳುವುದು ನ್ಯಾಯವಾಗದು. 1940ರಲ್ಲಿ ಅವರ ಕೊಡುಗೆಯಿಂದ ಸ್ಟುಟ್‌ಗಾರ್ಟಿನಲ್ಲಿ ದೊಡ್ಡ ಆಸ್ಪತ್ರೆಯೊಂದು ಆರಂಭವಾಯಿತು. 1942ರ ಮಾರ್ಚ್ 12ರಂದು, ಎಂಬತ್ತನೆಯ ವಯಸ್ಸಿನಲ್ಲಿ, ರಾಬರ್ಟ್ ಬಾಷ್ ನಿಧನರಾದರು. ಅವರ ಸಂಸ್ಥೆಯ ಷೇರುಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಭಾಗ ಇಂದು ಲೋಕಹಿತಕ್ಕಾಗಿ ದುಡಿಯುವ ಪ್ರತಿಷ್ಠಾನವೊಂದರ ಒಡೆತನದಲ್ಲಿದೆ.

ಬಾಷ್ ಅವರ ಕಿಡಿ ನಮ್ಮ ನಾಡಿಗೂ ಬಂದಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಬೆಳೆಯಿತು. ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಎಂಜಿನ್ನುಗಳ ಇಂಧನ ಪಂಪುಗಳೂ ಅಲ್ಲಿ ತಯಾರಾದವು. ಜನರ ಬಾಯಲ್ಲಿ ಅದು ಮೈಕೋ ಆಯಿತು. ನಗರದ ಬಡಾವಣೆಯೊಂದಕ್ಕೂ ಆ ಹೆಸರೇ ನಿಂತಿತು. ಹಳ್ಳಿಯ ಟ್ರ್ಯಾಕ್ಟರಿನಿಂದ ನಗರದ ಸ್ಕೂಟರಿನವರೆಗೆ ಮೈಕೋ ಎಂಬ ಹೆಸರು ಮೆಕ್ಯಾನಿಕರ ನಿತ್ಯದ ಮಾತಾಯಿತು. ಕಾಲಕ್ರಮದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ನಾಗನಾಥಪುರದಲ್ಲಿಯೂ ಕಾರ್ಖಾನೆ ಎದ್ದಿತು. 2008ರಲ್ಲಿ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಇಂಥ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಾವಿರಾರು ಸಣ್ಣ ಕಾರ್ಯಾಗಾರಗಳೂ ಬೆಳೆದವು. ಒಬ್ಬ ಕೆಲಸಗಾರ, ಒಬ್ಬ ಹುಡುಗ, ಒಂದು ಲೇತ್ ಯಂತ್ರ, ಇಷ್ಟರಿಂದಲೇ ಆರಂಭವಾದ ಕಾರ್ಯಾಗಾರಗಳು ಅವುಗಳಲ್ಲಿ ಎಷ್ಟೋ!

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 2014ರವರೆಗೆ ತಯಾರಾಗುತ್ತಿದ್ದ ಅಂಬಾಸಡರ್, ಒಂದು ಕಾಲದಲ್ಲಿ ಮನೆಮಾತಾಗಿದ್ದ ಪ್ರೀಮಿಯರ್ ಪದ್ಮಿನಿ ಮೊದಲಾದ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಕೆಟರಿಂಗ್ ಅವರ ಮಾದರಿಯ ವ್ಯವಸ್ಥೆಯೇ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಯೆಜ್ದಿ ಮೋಟಾರ್ ಸೈಕಲ್ಲುಗಳಲ್ಲಿಯೂ ಪಾಯಿಂಟುಗಳದೇ ಕಾರುಬಾರು. ಪಾಯಿಂಟುಗಳೆಂದರೆ ಎಂಜಿನ್ ತಿರುಗಿದಂತೆ ಕೂಡುವ, ಅಗಲುವ ಎರಡು ಪುಟ್ಟ ಲೋಹದ ತುಂಡುಗಳು. ಅವು ಅಗಲಿದಾಗ ಕಾಯಿಲಿನಲ್ಲಿ ವಿದ್ಯುತ್ತಿನ ಒತ್ತಡ 12 ವೋಲ್ಟಿನಿಂದ ಸಾವಿರಾರು ವೋಲ್ಟುಗಳಿಗೆ ಏರಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆದರೆ ಪಾಯಿಂಟುಗಳು ಸುಡುತ್ತವೆ, ಸವೆಯುತ್ತವೆ. ಅವುಗಳ ನಡುವಣ ಕೂದಲೆಳೆಯಂಥ ಅಂತರ ವ್ಯತ್ಯಾಸವಾದರೆ ಕಿಡಿಯ ಹೊತ್ತೇ ತಪ್ಪುತ್ತದೆ. ಅವುಗಳನ್ನು ಆಗಾಗ ಉಜ್ಜಿ, ಅಳೆದು ಸರಿಪಡಿಸುತ್ತಿರಬೇಕು.

ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಸಾಧನವನ್ನು ಕೂರಿಸಿದರೆ ಸವೆಯುವ ಭಾಗ ಇಲ್ಲವಾಗುತ್ತದೆ. ಕಿಡಿ ಹೊತ್ತಿಗೆ ಸರಿಯಾಗಿ ಬೀಳುತ್ತದೆ. ಚಳಿಯಲ್ಲಿ ಎಂಜಿನ್ ಸುಲಭವಾಗಿ ಎಚ್ಚರಗೊಳ್ಳುತ್ತದೆ. ನಿತ್ಯವೂ ಕಾರನ್ನು ಬಳಸುವವರಿಗೆ ಇದು ನಿಜವಾದ ಲಾಭ. ಆದರೆ ಇದರಿಂದ ಎಂಜಿನ್ನಿನ ಶಕ್ತಿ ಇಮ್ಮಡಿಯಾಗುತ್ತದೆಂದು ನಂಬುವುದು ತಪ್ಪು. ಶಕ್ತಿ ಹುಟ್ಟುವುದು ಇಂಧನದಿಂದ. ಕಿಡಿ ಅದನ್ನು ಹೊತ್ತಿಸುತ್ತದೆ, ಅಷ್ಟೆ. ಒಳ್ಳೆಯ ಕಿಡಿಯಿಂದ ಆಗಲೇ ಪೂರ್ತಿಯಾಗಿ ಹೊತ್ತಿಕೊಳ್ಳುತ್ತಿರುವ ಇಂಧನಕ್ಕೆ ಇನ್ನೂ ಪ್ರಬಲವಾದ ಕಿಡಿಯನ್ನು ಕೊಟ್ಟರೆ ದೊರೆಯುವುದು ಅತ್ಯಲ್ಪ. ಕಾರ್ಬ್ಯುರೇಟರು ಕಟ್ಟಿಕೊಂಡಿದ್ದರೆ, ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ, ಪ್ಲಗ್ಗಿನ ವೈರುಗಳು ಬಿರುಕುಬಿಟ್ಟಿದ್ದರೆ ಎಷ್ಟು ಬೆಲೆಯ ಹೊಸ ಸಾಧನವೂ ಆ ದೋಷಗಳನ್ನು ಮುಚ್ಚಲಾರದು. ಹಳೆಯದನ್ನು ಮೊದಲು ಸುಸ್ಥಿತಿಗೆ ತಂದು, ಬಳಿಕವೂ ಕೊರತೆ ಉಳಿದರೆ ಹೊಸದನ್ನು ಅಳವಡಿಸುವುದೇ ವಿವೇಕ. ಪಾಯಿಂಟುಗಳು ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಕೆಡುತ್ತವೆ. ಎಲೆಕ್ಟ್ರಾನಿಕ್ ಸಾಧನ ಕೆಟ್ಟರೆ ಮುನ್ಸೂಚನೆಯಿಲ್ಲದೆ ಕೈಕೊಡಬಹುದು. ಆದುದರಿಂದಲೇ ಬಲ್ಲ ಮೆಕ್ಯಾನಿಕರು ತೆಗೆದ ಹಳೆಯ ಪಾಯಿಂಟುಗಳನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುವಂತೆ ಹೇಳುತ್ತಾರೆ.

ಬಾಷ್ ಅವರ ಬಾಳು ಕಲಿಸುವ ಪಾಠವೂ ಇದೇ. ಮೂರು ಚಕ್ರದ ವಾಹನ ತಮ್ಮ ಮುಂದೆ ಬಂದಾಗ ಅವರು ಹೊಸದನ್ನು ಬೇಕೆಂದು ಬಗೆದದ್ದು ಅದು ಹೊಸದೆಂಬ ಕಾರಣಕ್ಕಲ್ಲ. ಹಳೆಯದರಿಂದ ಕೆಲಸ ಸಾಗದೆಂಬ ಕಾರಣಕ್ಕೆ. ಮೂವತ್ತು ವರ್ಷಗಳ ಬಳಿಕ ತಮ್ಮ ಮ್ಯಾಗ್ನೆಟೊವೇ ಹಳೆಯದಾದಾಗಲೂ ಅವರು ಅದೇ ಅಳತೆಗೋಲನ್ನು ತಮಗೂ ಅನ್ವಯಿಸಿಕೊಂಡರು. ಬಾಷ್ ಸಂಸ್ಥೆಯ ಲಾಂಛನವನ್ನು ನೀವು ಕಂಡಿರಬಹುದು. ವೃತ್ತದ ನಡುವೆ ಕಾಣುವ ಆ ಆಕೃತಿ ಮ್ಯಾಗ್ನೆಟೊದೊಳಗಿನ ಸುರುಳಿಯ ತಿರುಳಿನ ಚಿತ್ರ. 1918ರಲ್ಲಿ ಅದನ್ನು ರೂಪಿಸಿದವರು ಹೊನೋಲ್ಡ್ ಅವರೇ. ಕಾರುಗಳಿಂದ ಮ್ಯಾಗ್ನೆಟೊ ಎಂದೋ ಮರೆಯಾಗಿದೆ. ಆದರೆ ಹೊಸೂರು ರಸ್ತೆಯಲ್ಲಿ ಓಡುವ ಪೆಟ್ರೋಲ್ ವಾಹನಗಳ ಎಂಜಿನ್ನುಗಳಲ್ಲಿ, ಅಂದು ಆ ಚಿಕ್ಕ ಕಾರ್ಯಾಗಾರದವರು ಪಳಗಿಸಿದ ಕಿಡಿ ಇಂದಿಗೂ ಹಾರುತ್ತಲೇ ಇದೆ.